ಫ್ರಿಜ್‌ನಲ್ಲಿ ಗಟ್ಟಿಯಾದರೆ ಕೊಬ್ಬರಿ ಎಣ್ಣೆ ಅಪ್ಪಟವಾ?

ಪ್ರಶ್ನೆ: ಹೊಸದಾಗಿ ತಂದ ಕೊಬ್ಬರಿ ಎಣ್ಣೆಯನ್ನು ಫ್ರಿಜ್‌ನಲ್ಲಿಟ್ಟೆ. ಕಲ್ಲಿನಂತೆ ಗಟ್ಟಿಯಾಯ್ತು. ಹಾಗಾದರೆ ಕಲಬೆರಕೆ ಇಲ್ಲ ಅಲ್ವಾ?

ಹಾಗೆ ಹೇಳಲು ಬರುವುದಿಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಫ್ರಿಜ್‌ನಲ್ಲಿ ಗಟ್ಟಿಯಾದರೆ ಎಣ್ಣೆ ಅಪ್ಪಟ ಅನ್ನುವ ವಿಡಿಯೊ ವಾಟ್ಸಾಪ್‌ನಲ್ಲಿ ಒಂದು ಸುತ್ತು ಬಂದರೆ ನನಗೆ ಇದೇ ಪ್ರಶ್ನೆ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಿಜ. ಚಳಿಗಾಲದಲ್ಲಿ ಬಾಟಲಿಯನ್ನು ಬಿಸಿಲಿಗಿಟ್ಟು ಕಾದವರಿಗೆಲ್ಲ ಇದು ಗೊತ್ತು. ಪೆಟ್ರೋಲಿಯಂನಿಂದ ಬರುವ, ಫ್ರಿಜ್‌ನಲ್ಲೂ ಗಟ್ಟಿಯಾಗದ ಲಿಕ್ವಿಡ್ ಪ್ಯಾರಾಫಿನ್ ಧಾರಾಳವಾಗಿ ಸುರಿದಿದ್ದರೆ ಫ್ರಿಜ್‌ನಲ್ಲಿ ಸಿಕ್ಕಿಬೀಳಬಹುದು. ಆದರೆ ಕಲಬೆರಕೆ ಮಾಡುವವನು ಅಷ್ಟು ದಡ್ಡನಾ? ತಾಳೆ ಬೀಜದ ತಿರುಳಿನಿಂದ ತೆಗೆಯುವ ಪಾಮ್ ಕರ್ನಲ್ ಎಣ್ಣೆ ಅಂತ ಒಂದಿದೆ. ಕೊಬ್ಬರಿ ಎಣ್ಣೆಯ ದಾಯಾದಿ. ಎರಡರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಮ್ಲ ಅನ್ನುವ ಕೊಬ್ಬಿನಾಮ್ಲವೇ. ಫ್ರಿಜ್‌ನಲ್ಲಿ ಅದೂ ಅಷ್ಟೇ ಬೆಳ್ಳಗೆ, ಅಷ್ಟೇ ಗಟ್ಟಿ. ಅಷ್ಟೇಕೆ, ಡಾಲ್ಡಾ ಇಟ್ಟರೂ ಗಟ್ಟಿಯೇ. ಫ್ರಿಜ್ ತಣ್ಣಗಿದೆ ಅನ್ನುವುದೊಂದೇ ಈ ಪರೀಕ್ಷೆಯಿಂದ ಸಾಬೀತಾಗುವುದು.

ಲ್ಯಾಬ್‌ನಲ್ಲಿ ಮೊದಲು ಅಯೋಡಿನ್ ಮೌಲ್ಯ ನೋಡುತ್ತೇವೆ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹೀರುತ್ತದೆ ಅನ್ನುವ ಲೆಕ್ಕ. ಹೀರದೆ ಉಳಿದ ಅಯೋಡಿನ್‌ಗೆ ಬ್ಯುರೆಟ್ ಅನ್ನುವ ಅಳತೆ ಕೊಳವೆಯಿಂದ ಹೈಪೋ (ಸೋಡಿಯಂ ಥಯೋಸಲ್ಫೇಟ್) ದ್ರಾವಣ ಬಿಡಬೇಕು. ಕಂದು ಬಣ್ಣ ತೆಳು ಹಳದಿಗೆ ಬಂದಾಗ ಗಂಜಿ ದ್ರಾವಣ ಹಾಕಿದರೆ ಕಡುನೀಲಿ. ಆಮೇಲೆ ಒಂದೊಂದೇ ಹನಿ. ಯಾವುದೋ ಒಂದು ಹನಿಗೆ ನೀಲಿ ಪೂರ್ತಿ ಮಾಯ. ಆ ಹನಿ ದಾಟಿದರೆ ಮತ್ತೆ ಮೊದಲಿಂದ!

ಕೊಬ್ಬರಿ ಎಣ್ಣೆಗೆ ಇದು 7.5ರಿಂದ 10, ಪಾಮ್ ಕರ್ನಲ್‌ಗೆ 14ರಿಂದ 21. ಆದರೆ 8 ಇರುವ ಕೊಬ್ಬರಿ ಎಣ್ಣೆಗೆ 17 ಇರುವ ಪಾಮ್ ಕರ್ನಲ್ ಐದರಲ್ಲೊಂದು ಪಾಲು ಬೆರೆಸಿ ನೋಡಿ: 9.8. ಪಾಸು! ಅದಕ್ಕೇ ಕೊಬ್ಬಿನಾಮ್ಲಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮಟೋಗ್ರಫಿಗೆ ಹಾಕುವುದು. ಕೊಬ್ಬರಿಯಲ್ಲಿ ಒಲೀಕ್ ಆಮ್ಲ 5ರಿಂದ 10 ಶೇಕಡಾ, ಪಾಮ್ ಕರ್ನಲ್‌ನಲ್ಲಿ 12ರಿಂದ 19. ಕ್ಯಾಪ್ರಿಲಿಕ್ ಆಮ್ಲ ಸಾಮಾನ್ಯವಾಗಿ ಕೊಬ್ಬರಿಯಲ್ಲೇ ಜಾಸ್ತಿ. ಇಂಥ ನಾಲ್ಕಾರು ಅಂಕಿ ಒಟ್ಟಿಗೆ ನೋಡಿಯೇ ತೀರ್ಮಾನ. ಬೆರಕೆ ತೀರಾ ಕಡಿಮೆಯಿದ್ದರೆ ಆಗಲೂ ಕಷ್ಟವೇ.

ತುಪ್ಪದ ವಿಷಯ ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ವನಸ್ಪತಿಗೆ, ಅಂದರೆ ಡಾಲ್ಡಾದಂಥದ್ದಕ್ಕೆ, ಕನಿಷ್ಠ 5 ಶೇಕಡಾ ಎಳ್ಳೆಣ್ಣೆ ಸೇರಿಸಬೇಕೆಂಬ ನಿಯಮ ಮಾಡಿದ್ದು ರುಚಿಗಲ್ಲ, ಅದನ್ನು ತುಪ್ಪಕ್ಕೆ ಬೆರೆಸುವ ಕಳ್ಳನನ್ನು ಹಿಡಿಯಲು. ಕರಗಿಸಿದ ತುಪ್ಪಕ್ಕೆ ಹೈಡ್ರೋಕ್ಲೋರಿಕ್ ಆಮ್ಲ, ಎರಡು ಹನಿ ಫರ್ಫ್ಯೂರಾಲ್ ಅನ್ನುವ ರಾಸಾಯನಿಕ ಹಾಕಿ ಕುಲುಕಿದರೆ, ಎಳ್ಳೆಣ್ಣೆಯಿದ್ದಲ್ಲಿ ತಳದ ಪದರ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದೇ ಬೌಡೋಯಿನ್ ಪರೀಕ್ಷೆ. ಡಾಲ್ಡಾ ಬಿಟ್ಟು ಬರೀ ತಾಳೆ ಎಣ್ಣೆ ಬೆರೆಸಿದ್ದರೆ ಮಾತ್ರ ಬಣ್ಣ ಬರುವುದಿಲ್ಲ. ಆಗ ಮತ್ತೆ ಕ್ರೊಮಟೋಗ್ರಫಿ ಯಂತ್ರದ ಮುಂದೆಯೇ ಕೂರಬೇಕು.