ಹಸುಗೂಸುಗಳ ಕರುಳಿನಲ್ಲಿ ಸಿಕ್ಕ ಲಸಿಕೆ

ಎಳೆಯ ಮಗುವಿಗೆ ನೀರುನೀರಾಗಿ ಭೇದಿಯಾದರೆ ಹಲ್ಲು ಬರುತ್ತಿದೆಯೆಂದೋ ದೃಷ್ಟಿಯಾಗಿದೆಯೆಂದೋ ಹೇಳಿ, ಭೇದಿ ಇನ್ನೂ ಹೆಚ್ಚೀತೆಂಬ ಭಯದಿಂದ ಹಾಲು, ನೀರನ್ನೂ ಕಡಿಮೆ ಮಾಡುವ ಮನೆಗಳು ಇಂದಿಗೂ ಇವೆ. ಹಲ್ಲು ಮೂಡುವ ವಯಸ್ಸಿನಲ್ಲೇ ಭೇದಿ ತರುವ ರೋಟಾ ವೈರಾಣುವೂ ಹೆಚ್ಚಾಗಿ ಕಾಡುವುದರಿಂದ ಈ ನಂಬಿಕೆ ಆಳವಾಗಿ ಬೇರೂರಿದೆ. 2013ರಲ್ಲಿ ಜಗತ್ತಿನಾದ್ಯಂತ ಸುಮಾರು 2,15,000 ಮಕ್ಕಳು ಈ ವೈರಾಣುವಿಗೆ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿತು. ಅವರಲ್ಲಿ ಐದನೇ ಒಂದು ಪಾಲಿಗಿಂತ ಹೆಚ್ಚು ಮಂದಿ ಭಾರತದ ಮಕ್ಕಳು.

ಇದನ್ನು ತಡೆಯುವ ರೋಟಾವ್ಯಾಕ್ ಲಸಿಕೆಯ ಹುಟ್ಟು ನನಗೆ ಎಂದೂ ಹಳತಾಗದ ಬೆರಗು. 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಎಂ. ಕೆ. ಭಾನ್ ಮತ್ತು ಸಂಗಡಿಗರು, ನವಜಾತ ಶಿಶುಗಳ ಮಲದಲ್ಲಿ ರೋಟಾ ವೈರಾಣುವಿದ್ದರೂ ಆ ಶಿಶುಗಳಿಗೆ ಭೇದಿಯೇ ಇಲ್ಲದ್ದನ್ನು ಗಮನಿಸಿದರು. ಹೀಗೆ ಸೋಂಕು ತಗುಲಿದ ಮಕ್ಕಳನ್ನು ಮುಂದೆ ರೋಟಾ ಭೇದಿ ಅಷ್ಟಾಗಿ ಕಾಡಲಿಲ್ಲವೆಂಬುದೂ ತಿಳಿಯಿತು. 116ಇ ಎಂಬ ಆ ತಳಿಯ 11 ಜೀನ್ ತುಣುಕುಗಳಲ್ಲಿ ಒಂದು ದನದ ರೋಟಾ ವೈರಾಣುವಿನಿಂದ ಬಂದದ್ದು. ಬೆಂಗಳೂರಿನ ಶಿಶುಗಳಲ್ಲಿ ಸಿಕ್ಕಿದ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಸಿ. ದುರ್ಗಾ ರಾವ್ ಅವರ ತಂಡ ಅಧ್ಯಯನ ಮಾಡಿದ ಐ321 ತಳಿಯ ಕಥೆ ಇದಕ್ಕೆ ತಿರುವುಮುರುವು: ಅದರಲ್ಲಿ ಬಹುಪಾಲು ದನದ್ದು, ಎರಡೇ ತುಣುಕು ಮನುಷ್ಯನದು. ಎರಡನ್ನೂ ಪರೀಕ್ಷಿಸಿದಾಗ 116ಇ ಹೆಚ್ಚು ಪ್ರತಿರೋಧ ಹುಟ್ಟಿಸಿದ್ದರಿಂದ ಅದೇ ಮುಂದುವರಿಯಿತು.

ಇದು ಬಾಯಿಗೆ ಹಾಕುವ ಹನಿಯಾಗಿರುವುದಕ್ಕೆ ಕಾರಣವಿದೆ. ವೈರಾಣು ಸಣ್ಣ ಕರುಳಿನ ಒಳಗೋಡೆಯ ಎಳೆಗಳ ತುದಿಗೇ ದಾಳಿಯಿಡುತ್ತದೆ. ಪೈರಿನ ತಲೆಯನ್ನಷ್ಟೇ ದನ ಮೇಯ್ದಂತೆ, ನೀರು ಹೀರಬೇಕಾದ ಕೋಶಗಳು ಉದುರಿಹೋಗುತ್ತವೆ. ಆದ್ದರಿಂದ ಕಾವಲೂ ಅಲ್ಲೇ ಇರಬೇಕು. ಹಾಲಿಗೆ ಹಾಕಿದ ಚಮಚ ಹೆಪ್ಪಿನಂತೆ, ಐದು ಹನಿಯಲ್ಲಿರುವ ಸೌಮ್ಯ ವೈರಾಣು ಕರುಳಿನಲ್ಲಿ ಬೆಳೆದು ಪಾಠ ಕಲಿಸುತ್ತದೆ. ಗರಡಿಯಲ್ಲಿ ಒಂದೇ ಪಟ್ಟಿನಿಂದ ಜಟ್ಟಿ ತಯಾರಾಗುವುದಿಲ್ಲವಷ್ಟೆ. ಹಾಗಾಗಿಯೇ 6, 10 ಮತ್ತು 14ನೆಯ ವಾರಗಳಲ್ಲಿ ಮೂರು ಸಲ ಹನಿ.

ದೆಹಲಿ, ಪುಣೆ, ವೆಲ್ಲೂರುಗಳ ಸುಮಾರು 6,800 ಶಿಶುಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೊದಲ ವರ್ಷ ತೀವ್ರ ರೋಟಾ ಭೇದಿ ಶೇ. 56ರಷ್ಟು ತಗ್ಗಿತು. "ಅರ್ಧಕ್ಕರ್ಧ ವಿಫಲ" ಎಂದು ಇದನ್ನು ಓದಿದರೆ ಲೆಕ್ಕ ತಪ್ಪುತ್ತದೆ: ಲಸಿಕೆಯಿಲ್ಲದೆ ನೂರು ಮಕ್ಕಳು ತೀವ್ರವಾಗಿ ನರಳುತ್ತಿದ್ದ ಕಡೆ ಈಗ ನಲವತ್ನಾಲ್ಕು. ಶ್ರೀಮಂತ ದೇಶಗಳಲ್ಲಿ ರೋಟಾ ಲಸಿಕೆಗಳು ಇನ್ನೂ ಚೆನ್ನಾಗಿ ಕೆಲಸಮಾಡುತ್ತವೆ. ತಾಯಿಯಿಂದ ಬಂದ ಪ್ರತಿಕಾಯಗಳು, ಕರುಳಿನ ಇತರ ಸೋಂಕುಗಳು, ಜೊತೆಗೇ ಹಾಕುವ ಪೋಲಿಯೊ ಹನಿ ಇಲ್ಲಿನ ವ್ಯತ್ಯಾಸಕ್ಕೆ ಕಾರಣವಿರಬಹುದೆಂದು ವಿಜ್ಞಾನಿಗಳು ಭಾವಿಸುತ್ತಾರೆ.

ಸುರಕ್ಷತೆಯ ಪ್ರಶ್ನೆಗೂ ಇತಿಹಾಸವಿದೆ. ಅಮೆರಿಕದಲ್ಲಿ 1998ರಲ್ಲಿ ಬಂದ ರೋಟಾಶೀಲ್ಡ್ ಲಸಿಕೆಯನ್ನು ಮರುವರ್ಷವೇ ಹಿಂತೆಗೆದರು: ಸುಮಾರು ಹತ್ತು ಸಾವಿರ ಶಿಶುಗಳಲ್ಲಿ ಒಂದಕ್ಕೆ ಕರುಳಿನ ಒಂದು ಭಾಗ, ಒಳಕ್ಕೆ ಮಡಚಿದ ಅಂಗಿಯ ತೋಳಿನಂತೆ, ಪಕ್ಕದ ಭಾಗದೊಳಗೆ ತೂರಿಕೊಂಡಿತ್ತು. ಆ ಅನುಭವದಿಂದಾಗಿ ಮುಂದಿನ ಲಸಿಕೆಗಳೆಲ್ಲ ಕಟ್ಟುನಿಟ್ಟಿನ ನಿಗಾಕ್ಕೆ ಒಳಪಟ್ಟವು. 2016ರಲ್ಲಿ ನಾಲ್ಕು ರಾಜ್ಯಗಳಿಂದ ಆರಂಭಿಸಿ ಭಾರತದ ಲಸಿಕಾ ಕಾರ್ಯಕ್ರಮಕ್ಕೆ ರೋಟಾವ್ಯಾಕ್ ಸೇರಿದ ಮೇಲೆ ನಡೆದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ತೊಂದರೆ ಹೆಚ್ಚಿದ್ದು ಕಂಡುಬರಲಿಲ್ಲ. ಲಸಿಕೆ ಹಾಕಿಸದ ಮಗುವಿಗೂ ಇದು ಬರಬಹುದಾದ್ದರಿಂದ, ಮಗು ಬಿಟ್ಟುಬಿಟ್ಟು ಚೀರಿ ಅಳುತ್ತಾ ಪದೇಪದೇ ವಾಂತಿ ಮಾಡಿದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.