ಊರು ಹಿಗ್ಗುವುದು ಯಾರ ದುಡ್ಡಿನಿಂದ?

2007ರಲ್ಲಿ ಬಿಬಿಎಂಪಿ ರಚನೆಯಾದಾಗ, ಅಲ್ಲಿಯವರೆಗೆ 226 ಚದರ ಕಿಲೋಮೀಟರ್ ಇದ್ದ ಬೆಂಗಳೂರು ಪಾಲಿಕೆಯ ವ್ಯಾಪ್ತಿ ಏಳುನೂರು ದಾಟಿತು. ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಕಾಗದದ ಮೇಲೆ ಒಳಗೆ ಬಂದವು, ಅಷ್ಟೇ. ಅದಕ್ಕೇ ನಗರದ ಹರಡುವಿಕೆ ಅಳೆಯುವವರು ಪಾಲಿಕೆಯ ಗಡಿಯನ್ನು ನಂಬುವುದಿಲ್ಲ. ಉಪಗ್ರಹ ಚಿತ್ರದಲ್ಲಿ ಕಟ್ಟಡ ಎದ್ದ ನೆಲವನ್ನು ಎಣಿಸುತ್ತಾರೆ.

ಲ್ಯಾಂಡ್‌ಸ್ಯಾಟ್ ಎಂಬ ಉಪಗ್ರಹದ ಚಿತ್ರದ ಒಂದು ಚುಕ್ಕಿ 30 ಮೀಟರ್ ಉದ್ದ, ಅಷ್ಟೇ ಅಗಲದ ನೆಲ. ಹಸಿರು ಗಿಡ ಮತ್ತು ಕಾಂಕ್ರೀಟು ಅವಗೆಂಪು ಕಿರಣಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಹಿಂದಕ್ಕೆ ಕಳಿಸುವುದರಿಂದ ಎರಡನ್ನೂ ಬೇರ್ಪಡಿಸಬಹುದು. ಬಯಲುಸೀಮೆಯಲ್ಲಿ ಇದು ಎಡವುತ್ತದೆ: ಏಪ್ರಿಲ್‌ನ ಒಣ ಹೊಲವೂ ಕಟ್ಟಡದ ಲೆಕ್ಕಕ್ಕೆ ಸೇರಿಬಿಡುತ್ತದೆ. ರಾಗಿ ಇನ್ನೂ ಹಸಿರಾಗಿರುವ, ಮೋಡವಿಲ್ಲದ ಅಕ್ಟೋಬರ್ ದಿನದ ಚಿತ್ರ ಸಿಕ್ಕರೆ ತಪ್ಪು ಕಡಿಮೆ. ಹೀಗೆ ಸಿಕ್ಕ ನೆಲದ ಬೆಳವಣಿಗೆಯನ್ನು ಜನಸಂಖ್ಯೆಯ ಬೆಳವಣಿಗೆಯ ಪಕ್ಕದಲ್ಲಿಡಬೇಕು. ಬೆಂಗಳೂರು ನಗರ ಸಮೂಹದ ಜನಸಂಖ್ಯೆ 2001ರಲ್ಲಿ 57 ಲಕ್ಷ, 2011ರಲ್ಲಿ 85 ಲಕ್ಷ. ಅಂದರೆ ವರ್ಷಕ್ಕೆ ಸುಮಾರು ಶೇ 4. ನೆಲ ಇದಕ್ಕಿಂತ ಬೇಗ ಬೆಳೆದಿದ್ದರೆ ಜನರ ಹೆಚ್ಚಳವೊಂದನ್ನೇ ದೂರುವಂತಿಲ್ಲ.

ಇಂಥ 326 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ 2011ರ ವಿಶ್ಲೇಷಣೆಯೊಂದರ ಪ್ರಕಾರ, 1970ರಿಂದ 2000ದವರೆಗೆ ಚೀನಾದಲ್ಲಿ ನಗರ ಹರಡಿದ್ದರಲ್ಲಿ ಸುಮಾರು ಅರ್ಧಕ್ಕೆ ತಲಾ ಜಿಡಿಪಿಯ ಏರಿಕೆ ಕಾರಣ. ಭಾರತ, ಆಫ್ರಿಕಾಗಳಲ್ಲಿ ನಗರದ ಜನಸಂಖ್ಯೆಯ ಒತ್ತಡವೇ ದೊಡ್ಡದು.

ಚೀನಾದ ನಗರಗಳಲ್ಲಿ ನೆಲ ಸರ್ಕಾರದ್ದು. 1994ರ ತೆರಿಗೆ ಸುಧಾರಣೆ ಆದಾಯದ ದೊಡ್ಡ ಪಾಲನ್ನು ಕೇಂದ್ರಕ್ಕೆ ಒಯ್ದಿತು, ಖರ್ಚು ಸ್ಥಳೀಯ ಸರ್ಕಾರಗಳ ತಲೆಯ ಮೇಲೇ ಉಳಿಯಿತು. ಅವು ಹಳ್ಳಿಯ ನೆಲವನ್ನು ಪರಿಹಾರ ಕೊಟ್ಟು ಪಡೆದು, ರಸ್ತೆ, ಪೈಪು ಹಾಕಿ, ವಸತಿಗಾದರೆ 70 ವರ್ಷದ ಬಳಕೆ ಹಕ್ಕನ್ನು ಮಾರತೊಡಗಿದವು. ನೆಲ ಮಾರದಿದ್ದರೆ ಬಜೆಟ್ಟೇ ಕುಂಟುವ ಸ್ಥಿತಿ. ದುಡಿಯಲು ಬಂದ ಹಳ್ಳಿಗನಿಗೆ ಮಾತ್ರ ಹುಕೌ, ಅಂದರೆ ಯಾವ ಊರಿನವರೆಂದು ಗುರುತಿಸುವ ಕುಟುಂಬ ನೋಂದಣಿ, ತನ್ನ ಹಳ್ಳಿಯಲ್ಲೇ ಇದ್ದುದರಿಂದ ನಗರದ ಶಾಲೆ, ಆಸ್ಪತ್ರೆಯ ಸವಲತ್ತು ಸುಲಭಕ್ಕೆ ದಕ್ಕಲಿಲ್ಲ. ಅಮೆರಿಕದ್ದು ಸಾಲದ ಕಥೆ: 1934ರಿಂದ ಸರ್ಕಾರಿ ಖಾತರಿಯ ಗೃಹಸಾಲ, 1956ರ ಕಾಯ್ದೆಯಿಂದ 41,000 ಮೈಲಿ ಹೆದ್ದಾರಿ ಯೋಜನೆ. ಬಿಳಿಯರ ಕುಟುಂಬಗಳು ಹೊರವಲಯಕ್ಕೆ ಹೋದವು. ಕಪ್ಪು ಜನರಿಗೆ ಆ ಸಾಲ ಬಹುಮಟ್ಟಿಗೆ ಮುಚ್ಚಿದ ಬಾಗಿಲಾಗಿತ್ತು.

ಬೆಂಗಳೂರಿನ ಅಂಚಿನಲ್ಲಿ ಕೆಲಸ ಮಾಡುವುದು ಎಕರೆಯ ಲೆಕ್ಕ. ಒಂದು ಎಕರೆ ಅಂದರೆ 43,560 ಚದರ ಅಡಿ. ಪಾರ್ಕು, ಅಗಲದ ರಸ್ತೆಗೆಲ್ಲ ಬಿಟ್ಟು ಶೇ 55ರಷ್ಟು ನೆಲ ಉಳಿದರೆ 30×40ರ ಸುಮಾರು 20 ಸೈಟು ಆಗುತ್ತವೆ. ಪಾರ್ಕು ಕೈಬಿಟ್ಟು, ರಸ್ತೆ ಕಿರಿದು ಮಾಡಿ ಮುಕ್ಕಾಲು ಪಾಲು ಉಳಿಸಿಕೊಂಡರೆ 27. ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿಕೊಳ್ಳುವ ಡಿಸಿ ಕನ್ವರ್ಷನ್ನಿನ ಓಡಾಟ, ನಕ್ಷೆ ಅನುಮೋದನೆಯ ಖರ್ಚು ತಪ್ಪಿದ್ದು ಬೇರೆ. ಅನುಮೋದನೆಯಿಲ್ಲದ ಅಗ್ಗದ ರೆವಿನ್ಯೂ ಸೈಟು ಹುಟ್ಟುವುದು ಇಲ್ಲಿ. ಕೊಳ್ಳುವವರಲ್ಲಿ ಬಹುಪಾಲು ಅನುಮೋದಿತ ಸೈಟು ಕೈಗೆಟುಕದವರು. ಅವರನ್ನು ಕಾನೂನು ಮುರಿಯುವವರೆಂದು ಜರಿಯುವುದು ಸುಲಭ, ನ್ಯಾಯವಲ್ಲ. ಚೀನಾದಲ್ಲಿ ಪೈಪು ಮೊದಲಾದರೆ ಇಲ್ಲಿ ಮನೆ ಮೊದಲು: 2007ರಲ್ಲಿ ಸೇರಿದ ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರಲ್ಲಿ.

ಕಲ್ಲು ನೆಟ್ಟು ಮಾರಿದ ಖಾಲಿ ಸೈಟು ಉಪಗ್ರಹಕ್ಕೆ ಮನೆ ಏಳುವವರೆಗೂ ಬರೀ ಬೀಳು. ಮುಂದೆ ಯಾವ ದಿಕ್ಕಿಗೆ ನೀರಿನ ಕೊಳವೆ ಬೇಕೆಂದು ಈಗಲೇ ತಿಳಿಯಬೇಕಾದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಣ್ಣ ತುಂಡುಗಳ ಕ್ರಯಪತ್ರ ಎಲ್ಲಿ ಹೆಚ್ಚುತ್ತಿವೆ ಎಂದು ನೋಡಬೇಕು.