ಒಂದು ಲೇಖನ, ನಾಲ್ಕು ಕ್ಲಿಕ್ಕು: ಲೆಕ್ಕ ಎಷ್ಟು?

ದಾವಣಗೆರೆಯ ಒಂದು ಖಾಸಗಿ ಮೆಡಿಕಲ್ ಕಾಲೇಜು. ಪಿಜಿ ಓದುತ್ತಿರುವ ಹುಡುಗಿಯೊಬ್ಬಳು ಲೈಬ್ರರಿ ಚಂದಾ ಕಟ್ಟಿರುವ ಸಂಶೋಧನಾ ಪತ್ರಿಕೆಯ (ಜರ್ನಲ್) ಸೈಟಿನಲ್ಲಿ ಒಂದು ಲೇಖನಕ್ಕೆ ಹೋದಳು ಅಂದುಕೊಳ್ಳಿ. ಮೊದಲು ಸಾರಾಂಶ ನೋಡಿದಳು. ಆಮೇಲೆ ಪೂರ್ತಿ ಲೇಖನ ತೆರೆದಳು. ಕೊನೆಗೆ ಪಿಡಿಎಫ್ ಇಳಿಸಿಕೊಳ್ಳಲು ಹೋದಳು. ನೆಟ್ ನಿಧಾನ, ಹಾಗಾಗಿ ಅದನ್ನು ಬೆನ್ನುಬೆನ್ನಿಗೆ ಎರಡು ಸಲ ಒತ್ತಿದಳು. ಲೈಬ್ರರಿಯ ಲೆಕ್ಕಕ್ಕೆ ಇದು ಎಷ್ಟು ಬಳಕೆ?

ಪ್ರಕಾಶಕರು ತಮಗೆ ತೋಚಿದಂತೆ ಎಣಿಸುತ್ತಾ ಹೋದರೆ ಇಬ್ಬರ ಅಂಕಿಗಳನ್ನು ಹೋಲಿಸೋಕೇ ಆಗಲ್ಲ. ಅದಕ್ಕೇ ಲೈಬ್ರರಿಗಳೂ ಪ್ರಕಾಶಕರೂ ಸೇರಿ 2002ರಲ್ಲಿ ‘ಕೌಂಟರ್’ ಎಂಬ ಯೋಜನೆ ಶುರು ಮಾಡಿ, ಎಣಿಕೆಗೆ ನಿಯಮ ಬರೆದರು. ಅದರ ಐದನೇ ಆವೃತ್ತಿ 2019ರ ಜನವರಿಯಿಂದ ಜಾರಿಗೆ ಬಂತು. 30 ಸೆಕೆಂಡಿನೊಳಗೆ ಅದೇ ಲಿಂಕನ್ನು ಮತ್ತೆ ಒತ್ತಿದರೆ ಅದು ಒಂದೇ ಕ್ಲಿಕ್. ಸಾರಾಂಶ ನೋಡಿದ್ದು ‘ಇನ್ವೆಸ್ಟಿಗೇಷನ್’ ಮಾತ್ರ, ಅಂದರೆ ಲೇಖನದ ಮೇಲೆ ಕಣ್ಣಾಡಿಸಿದ್ದು. ಪೂರ್ತಿ ಲೇಖನ ತೆರೆದರೆ ಅಥವಾ ಪಿಡಿಎಫ್ ಇಳಿಸಿದರೆ ಅದು ಇನ್ವೆಸ್ಟಿಗೇಷನ್ ಜೊತೆಗೆ ‘ರಿಕ್ವೆಸ್ಟ್’ ಕೂಡ. ಹೀಗಾಗಿ ಈ ಹುಡುಗಿಯ ಒಟ್ಟು ಇನ್ವೆಸ್ಟಿಗೇಷನ್ 3, ಒಟ್ಟು ರಿಕ್ವೆಸ್ಟ್ 2. ಆದರೆ ಯೂನಿಕ್ ರಿಕ್ವೆಸ್ಟ್ 1. ಓದಿದ ಲೇಖನ ಒಂದೇ ಅಲ್ವಾ? ಕೊಟ್ಟ ದುಡ್ಡಿಗೆ ತಾಳೆ ನೋಡೋಕೆ ನನಗೆ ಈ ಕೊನೆಯ ಅಂಕಿಯ ಮೇಲೇ ನಂಬಿಕೆ ಜಾಸ್ತಿ.

ಸರ್ಕಾರಿ ಸಂಸ್ಥೆಗಳಿಗೆ 2025ರಿಂದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಇದೆ; ಅವುಗಳ ಪರವಾಗಿ ಕೇಂದ್ರ ಸರ್ಕಾರವೇ ಪತ್ರಿಕೆಗಳ ಚಂದಾ ಕಟ್ಟುವ ಯೋಜನೆ ಅದು. ಆದರೆ ಸ್ವಂತ ದುಡ್ಡಲ್ಲಿ ಚಂದಾ ಕಟ್ಟುವ ಖಾಸಗಿ ಕಾಲೇಜಿಗೆ ಈ ಬಳಕೆಯ ಲೆಕ್ಕ ಬೇಕೇ ಬೇಕು. ಪ್ರತಿ ಪ್ರಕಾಶಕರ ಸೈಟಿಗೂ ಹೋಗಿ, ಲಾಗಿನ್ ಆಗಿ ವರದಿ ಇಳಿಸಿಕೊಳ್ಳೋದು ಬೇಜಾರಿನ ಕೆಲಸ. ಕಂಪ್ಯೂಟರುಗಳೇ ನೇರವಾಗಿ ಕೇಳಿ ಪಡೆಯುವ ವ್ಯವಸ್ಥೆಯೂ ಇದೆ. ಅದರ ಹೆಸರು ‘ಸುಶಿ’. ಟೈಪ್ ಮಾಡಿ ಆದೇಶ ಕೊಡುವ ಕಪ್ಪು ಪರದೆಯ ಟರ್ಮಿನಲ್‌ನಲ್ಲಿ, ವೆಬ್‌ನಿಂದ ಮಾಹಿತಿ ತರುವ ‘ಕರ್ಲ್’ ಎಂಬ ಪುಟ್ಟ ಟೂಲ್‌ಗೆ ಪ್ರಕಾಶಕರ ವಿಳಾಸ, ಯಾವ ವರದಿ, ನಮ್ಮ ಗ್ರಾಹಕ ಐಡಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಅಂತ ಒಂದೇ ಸಾಲಿನಲ್ಲಿ ಕೊಟ್ಟರೆ ಸಾಕು. ವರದಿ ‘ಜೇಸನ್’ ಎಂಬ, ಕಂಪ್ಯೂಟರಿಗೆ ಓದಲು ಸುಲಭವಾದ ರೂಪದಲ್ಲಿ ಬರುತ್ತದೆ. ಈ ಆದೇಶದ ಸಾಲುಗಳನ್ನು ಒಂದು ಫೈಲಿನಲ್ಲಿ (ಇದನ್ನೇ ಸ್ಕ್ರಿಪ್ಟ್ ಅನ್ನೋದು) ಬರೆದಿಟ್ಟರೆ ತಿಂಗಳಿಗೊಮ್ಮೆ ತಾನಾಗೇ ಓಡಿಸಬಹುದು. ಕೆಲವು ಪ್ರಕಾಶಕರು ಎಪಿಐ ಕೀ, ಅಂದರೆ ಪಾಸ್‌ವರ್ಡ್‌ನಂಥ ಗುಟ್ಟಿನ ಸಂಕೇತವನ್ನೂ ಕೇಳುತ್ತಾರೆ. ಅದನ್ನು ಆ ಫೈಲಿನಲ್ಲೇ ಬರೆದು ಊರಿಗೆಲ್ಲ ಹಂಚಬೇಡಿ.

ತೊಂದರೆ ಇರೋದು ಖಾಲಿ ಉತ್ತರದಲ್ಲಿ. ಅದರ ಜೊತೆ 3030 ಎಂಬ ಸಂಖ್ಯೆ ಬಂದರೆ ಆ ಅವಧಿಯಲ್ಲಿ ಯಾರೂ ಬಳಸಿಲ್ಲ ಅಂತ. 3031 ಬಂದರೆ ಲೆಕ್ಕ ಇನ್ನೂ ಸಿದ್ಧವಾಗಿಲ್ಲ ಅಂತ. ಸ್ಕ್ರಿಪ್ಟ್ ಬರೆದವರು ಎರಡಕ್ಕೂ ಸುಮ್ನೆ ಸೊನ್ನೆ ಹಾಕಿಬಿಟ್ಟರೆ, ಚೆನ್ನಾಗಿ ಓದುವ ಪತ್ರಿಕೆಯೂ ಯಾರಿಗೂ ಬೇಡದ್ದರಂತೆ ಕಾಣುತ್ತದೆ. ಮುಂದಿನ ವರ್ಷ ಅದರ ಚಂದಾಕ್ಕೇ ಕತ್ತರಿ!

ಇನ್ನೊಂದು ವರದಿಯನ್ನು ಜನ ಅಷ್ಟಾಗಿ ನೋಡಲ್ಲ. ಅದು ‘ಟಿಆರ್ ಜೆ2’. ಚಂದಾ ಇಲ್ಲದ್ದರಿಂದ ಓದಲಾಗದೆ ವಾಪಸ್ ಬಂದವರ ಲೆಕ್ಕ ಅದರಲ್ಲಿ ಪತ್ರಿಕೆವಾರು ಸಿಗುತ್ತದೆ. ಹೊಸದಾಗಿ ಏನು ಕೊಳ್ಳಬೇಕು ಅಂತ ಕೂತು ಮಾತಾಡುವಾಗ ನಾನಾಗಿದ್ದರೆ ಮೊದಲು ಅದನ್ನೇ ಮೇಜಿನ ಮೇಲೆ ಇಡುತ್ತಿದ್ದೆ.